ನಾನು ನೆಲಕ್ಕಿಡಿಸಿದ ಕೊಡಲಿ

ಮೊಮ್ಮಕ್ಕಳ ಮಾತು ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ, ಅದು ಪುಣೆಯ ಧನಕವಡಿಯಲ್ಲಿ ನಮ್ಮ ಓಣಿಗೆಲ್ಲ ಗೊತ್ತು. ಇಬ್ಬರೂ ಬಂಗಾರದಂಥ ಹುಡುಗಿಯರು. ದೊಡ್ಡವಳು ಮಗಳ ಮಗಳು, ಪುಣೆಯ ಆಚೆ ಮಗ್ಗುಲಿಗೆ ಹಡಪಸರದಲ್ಲಿರುತ್ತಾಳೆ. ಚಿಕ್ಕವಳು ಮಗನ ಮಗಳು, ನನ್ನ ಮಗ್ಗುಲಲ್ಲೇ ಮಲಗಿ ಬೆಳೆದವಳು. ಆದರೆ ಆ ವರ್ಷ ಒಂದು ಕೊಡಲಿಯ ಸಲುವಾಗಿ ಇವರಿಬ್ಬರೂ ನನ್ನ ಜೀವ ಹಿಂಡಿದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಹೆಚ್ಚು ಸಿಟ್ಟು ನನ್ನ ಮೇಲೆಯೇ.

ಕಟ್ಟಿಗೆ ಒಡೆಯುವ ಕೊಡಲಿಯಲ್ಲ, ಕಂಪ್ಯೂಟರ್ ಆಟದೊಳಗಿನದು. ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಮಗ ಮನೆಗೆ ಇಂಟರ್ನೆಟ್ ಹಾಕಿಸಿದ್ದ. ಆಟದಲ್ಲಿ ಕಾಡು, ಕೋಟೆ, ಗವಿ, ರಾಕ್ಷಸರು ಎಲ್ಲ ಇದ್ದರು. ಆಡುವವರಿಗೆ ಒಬ್ಬೊಬ್ಬರಿಗೆ ಒಂದೊಂದು ಗೊಂಬೆ. ಹಡಪಸರದಲ್ಲಿ ಕೂತವಳ ಗೊಂಬೆಯೂ ಧನಕವಡಿಯಲ್ಲಿ ಕೂತವಳ ಗೊಂಬೆಯೂ ಕೂಡಿಯೇ ಆ ಕಾಡಿನಲ್ಲಿ ತಿರುಗುತ್ತಿದ್ದವು. ನೋಡಿ ನನಗೆ ಹೊಟ್ಟೆ ತುಂಬುತ್ತಿತ್ತು.

ಅಕ್ಕನ ಪಾಸ್‌ವರ್ಡ್ ಚಿಕ್ಕವಳಿಗೆ ಗೊತ್ತಿತ್ತು, ಒಂದು ದಿನ ಅಕ್ಕನನ್ನು ಕೇಳದೆ ಇಲ್ಲಿಂದಲೇ ಅಕ್ಕನ ಗೊಂಬೆ ಆಡಿಸಿದಳು. ಗೊಂಬೆಯನ್ನು ಸಾಯಿಸಿ, ಅದರ ಕೈಯಲ್ಲಿದ್ದ ಎಸೆಯುವ ಕೊಡಲಿಯನ್ನು ಕಳೆದುಬಿಟ್ಟಳು. ಬೇರೆಯವರ ಕೊಡಲಿ ಎಸೆದಲ್ಲೇ ಬಿದ್ದಿರುತ್ತಿತ್ತು. ಇದು ಮಾತ್ರ ರಾಕ್ಷಸನ ತಲೆಗೆ ಬಡಿದು, ಗಿರಗಿರ ತಿರುಗಿ, ಎಸೆದವರ ಕೈಗೇ ವಾಪಸ್ ಬರುತ್ತಿತ್ತು. ಗವಿಯಲ್ಲಿರುವ ಒಕ್ಕಣ್ಣಿನ ರಾಕ್ಷಸನನ್ನು ಕೊಂದರೆ, ಅದೂ ಅಪರೂಪಕ್ಕೊಮ್ಮೆ, ಅವನು ಅದನ್ನು ಬಿಟ್ಟು ಸಾಯುತ್ತಿದ್ದ. ದೊಡ್ಡವಳು ಮಾತು ಬಿಟ್ಟಳು. ತಂಗಿಯ ಫೋನ್ ಎಂದರೆ ತೆಗೆದುಕೊಳ್ಳುತ್ತಿರಲಿಲ್ಲ. ದೀಪಾವಳಿಗೂ ಬರಲಿಲ್ಲ. ಹುಟ್ಟಿದಾಗಿನಿಂದ ಒಂದು ದೀಪಾವಳಿ ತಪ್ಪಿಸಿದವಳಲ್ಲ ಅವಳು.

ಚಿಕ್ಕವಳು ಹಟ ಹಿಡಿದಳು. ಶಾಲೆಯಿಂದ ಬಂದವಳೇ ಚೀಲ ಮೂಲೆಗೆ ಒಗೆದು ಗವಿಗೆ ಹೋಗುವುದು, ರಾಕ್ಷಸನ ಕೈಯಲ್ಲಿ ಸಾಯುವುದು, ಮತ್ತೆ ಹೋಗುವುದು. ಮೂರು ತಿಂಗಳು. ಕಡೆಗೊಂದು ರವಿವಾರ ಬೆಳಿಗ್ಗೆ ಕೊಡಲಿ ಬಿತ್ತು. ಹುಡುಗಿ ಕುಣಿದಳು, ನಾನೂ ಮೊಣಕಾಲು ನೋವು ಮರೆತು ಕುಣಿದೆ. ಅಕ್ಕನಿಗೆ ಸಂದೇಶ ಕಳಿಸಿದಳು. ಆಟದ ಊರಿನ ಬಾವಿ ಕಟ್ಟೆಯ ಹತ್ತಿರ ಬಾ, ನಿನ್ನದನ್ನು ನಿನಗೆ ಕೊಡುತ್ತೇನೆ ಎಂದು. ದೊಡ್ಡವಳು ಉತ್ತರ ಬರೆಯಲಿಲ್ಲ, ಆದರೆ ಅವಳ ಗೊಂಬೆ ಬಂತು. ಕಟ್ಟೆಯ ಸುತ್ತ ಯಾರುಯಾರದೋ ಗೊಂಬೆಗಳು, ಸಂತೆಯ ಹಾಗೆ.

ಕೊಡುವುದಕ್ಕೆ ಆಟದಲ್ಲಿ ಒಂದು ಪೆಟ್ಟಿಗೆ ತೆರೆಯುತ್ತಿತ್ತು. ಇವಳು ಇಟ್ಟು ಒತ್ತಬೇಕು, ಅವಳು ನೋಡಿ ಒತ್ತಬೇಕು. ಕೈಯಿಂದ ಕೈಗೆ. ನಾನು ನಡುವೆ ಬಾಯಿ ಹಾಕಿದೆ. ಹರಿತದ ಸಾಮಾನು ಯಾರಾದರೂ ಕೈಯಿಂದ ಕೈಗೆ ಕೊಡುತ್ತಾರೆಯೇ? ನಮ್ಮ ಮನೆಯಲ್ಲಿ ಈಳಿಗೆಯಾಗಲಿ ಕುಡುಗೋಲಾಗಲಿ ನೆಲಕ್ಕಿಡುತ್ತೇವೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಇಲ್ಲವಾದರೆ ಇಬ್ಬರಲ್ಲಿ ಜಗಳ ಹುಟ್ಟುತ್ತದೆ. ಮೊದಲೇ ಜಗಳವಾಡಿದವರು ಇವರು.

“ಅಜ್ಜಿ, ಅದು ಖರೇ ಕೊಡ್ಲಿ ಅಲ್ಲ” ಅಂದಳು.

“ಖರೇ ಅಲ್ಲಂದ್ರ ಮೂರು ತಿಂಗಳು ಉಣ್ಣೋದು ಬಿಟ್ಟು ಯಾಕ ಕೂತಿದ್ದಿ? ನೆಲಕ್ಕಿಡು.”

ಇಟ್ಟಳು. ನನ್ನ ಮಾತು ಎಂದೂ ಮೀರಿದವಳಲ್ಲ. ದೊಡ್ಡವಳ ಗೊಂಬೆ ಒಂದು ಹೆಜ್ಜೆ ಮುಂದೆ ಬಂತು. ಅಷ್ಟರಲ್ಲಿ ಹಸಿರು ಟೊಪ್ಪಿಗೆಯ ಯಾವನೋ ಒಬ್ಬ ನಡುವೆ ನುಗ್ಗಿ, ಬಗ್ಗಿ, ಕೊಡಲಿ ಎತ್ತಿಕೊಂಡು ಮಾಯವಾದ. ಆ ಆಟದಲ್ಲಿ ನೆಲಕ್ಕಿಟ್ಟಿದ್ದು ಮೊದಲು ಎತ್ತಿದವರದೇ ಆಗುತ್ತದೆ ಎಂದು ನನಗೇನು ಗೊತ್ತು? ದೊಡ್ಡವಳು ಬೇರೆಯೇ ತಿಳಿದುಕೊಂಡಳು. ತನ್ನನ್ನು ಕರೆಸಿ, ಆಸೆ ತೋರಿಸಿ, ಗೆಳೆಯರ ಕೈಯಲ್ಲಿ ಎತ್ತಿಸಿ ಚೇಷ್ಟೆ ಮಾಡಿದಳೆಂದು ಒಂದು ಸಾಲು ಬರೆದು ಆಟದಿಂದ ಎದ್ದುಹೋದಳು. ಚಿಕ್ಕವಳು ನನ್ನನ್ನು ಬೈಯಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಹಡಪಸರಕ್ಕೆ ಫೋನ್ ಮಾಡಿದೆ. ಓದುತ್ತಾಳೆ ಅವ್ವಾ, ಹತ್ತನೇ ಪರೀಕ್ಷೆ ಹತ್ತಿರ ಬಂತು ಎಂದು ಮಗಳು ಹೇಳಿ ಇಟ್ಟಳು. ನಾನು ತಂದ ಅನಾಹುತ ನಾನೇ ತಿದ್ದಬೇಕಾಯಿತು. ಮರುದಿನದಿಂದ ಚಿಕ್ಕವಳ ಗೊಂಬೆ ಹಿಡಿದು ನಾನೇ ಗವಿಗೆ ಹೊರಟೆ. ಗೊಂಬೆ ಮುಟ್ಟುವ ಮೊದಲು ಅವಳನ್ನು ಕೇಳಿದ್ದೆ. ಮಾಡು ಏನರ ಅಂದಿದ್ದಳು.

ನಾನು ಕಲಿತದ್ದು ನಮ್ಮೂರ ಕನ್ನಡ ಶಾಲೆಯಲ್ಲಿ ಮೂರನೇ ಇಯತ್ತೆ. ಮೌಸ್ ಎಂಬುದನ್ನು ಲಟ್ಟಣಿಗೆಯಂತೆ ಒತ್ತಿದರೆ ಓಡಿಹೋಗುತ್ತದೆ, ಸಡಿಲ ಬಿಟ್ಟರೆ ಗೊಂಬೆ ಗೋಡೆಗೆ ಹಾಯುತ್ತದೆ. ರಾಕ್ಷಸನ ಕಡೆ ಎಸೆದ ಕಲ್ಲು ಛಾವಣಿಗೆ ಹೋಗುತ್ತಿತ್ತು. ಮೊದಲ ದಿನ ಒಂಬತ್ತು ಸಲ ಸತ್ತೆ. ಒಂದು ವಾರವಾದರೂ ಗವಿಯ ಬಾಗಿಲು ದಾಟಲಿಲ್ಲ. ಅತ್ತಿ, ಅನ್ನ ಹತ್ತಿದ ವಾಸನಿ ಬರಾಕತ್ತದರಿ ಎಂದು ಸೊಸೆ ಸ್ನಾನದ ಮನೆಯಿಂದ ಕೂಗಿದರೆ ನನಗೆ ಅವಳ ಮೇಲೂ ಸಿಟ್ಟು. ಆಮೇಲಾಮೇಲೆ ಒಂದೊಂದು ಕಲ್ಲು ತಗುಲಿ ರಾಕ್ಷಸ ಅರ್ಧ ಸತ್ತರೆ ಯಾರೋ ಬಂದು ಕೊನೆಯ ಏಟು ಹೊಡೆದು ಬಿದ್ದದ್ದನ್ನೆಲ್ಲ ಬಾಚಿಕೊಂಡು ಹೋಗುತ್ತಿದ್ದರು. ನಾನು ಪರದೆಗೆ ಬೈಯುತ್ತಿದ್ದೆ, ಮರಾಠಿಯಲ್ಲಿ. ಪುಣೆಯವರೇ ಇದ್ದರೆ ತಿಳಿಯಲಿ ಎಂದು.

ಹೀಗೆ ಮೂರು ವಾರವಾಯಿತು. ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ಕಲ್ಲು ಎಸೆಯುತ್ತಿದ್ದಾಗ ಪಕ್ಕದಲ್ಲಿ ಒಂದು ಗೊಂಬೆ ಬಂದು ನಿಂತಿತು. ದೊಡ್ಡವಳದು! ಪರೀಕ್ಷೆಯ ಓದಿಗೆ ರಜೆ ಕೊಟ್ಟಿದ್ದರು, ಅವಳು ಓದುತ್ತಿದ್ದ ಚೆಂದ ಇದು. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮಾತು ಮೂಡಿತು. ಚಿಕ್ಕವಳು ಒಂದನೇ ಇಯತ್ತೆಯಲ್ಲಿದ್ದಾಗ ಅವಳ ಜೊತೆ ಎಬಿಸಿಡಿ ಕಲಿತಿದ್ದೆ. ಬೆರಳಿಟ್ಟು ಕೂಡಿಸಿ ಓದಿದೆ. ಶಾಲೆಯ ಹೊತ್ತಿನಲ್ಲಿ ಆಡುವವರು ಯಾರು ಎಂದು ಕೇಳಿದ್ದಳು. ಉತ್ತರ ಬರೆಯಲು ಒಂದೊಂದೇ ಅಕ್ಷರ ಹುಡುಕಿದೆ. ‘ಅಜ್ಜಿ’ ಎಂದು ಮುಗಿಸುವುದರೊಳಗೆ ರಾಕ್ಷಸ ನನ್ನನ್ನು ಎರಡು ಸಲ ಕೊಂದಿದ್ದ.

ಫೋನ್ ಹೊಡೆದುಕೊಂಡಿತು.

“ಇಷ್ಟು ದಿನ ಆ ಬಾಗಲ್ದಾಗ ನಿಂತು ಛತ್ತಿಗೆ ಕಲ್ಲು ಒಗಿಯಾಕಿ ನೀನಽ ಏನು? ನಾ ಅಕಿಗೆ ತಲಿ ಕೆಟ್ಟದ ಅಂದ್ಕೊಂಡಿದ್ದೆ.”

ಒಂದೇ ಉಸಿರಿಗೆ ಎಲ್ಲ ಹೇಳಿದೆ. ತಂಗಿ ಕೊಡಲೆಂದೇ ಬಂದಿದ್ದಳು, ನೆಲಕ್ಕಿಡಿಸಿದವಳು ನಾನು, ಆ ಹಸಿರು ಟೊಪ್ಪಿಗೆಯವನು ಯಾರೋ ದೇವರಿಗೇ ಗೊತ್ತು ಎಂದೆ.

“ಅಕಿ ಯಾಕ ಹೇಳಲಿಲ್ಲ ನಂಗ?”

“ನೀ ಫೋನ್ ತಗೊಂಡಿ ಏನವ್ವಾ?”

ರವಿವಾರ ಬರ್ತೀನಿ, ಅಲ್ಲೀತನಕ ನೀ ಗವಿಗೆ ಹೋಗಬ್ಯಾಡ, ಆ ಗೊಂಬೆಯ ಮರ್ಯಾದೆ ಕಳೀತಿ ಅಂದಳು.

ಬಂದಳು, ಒಬ್ಬಳೇ ಬಸ್ಸು ಹಿಡಿದು. ಸ್ವಲ್ಪ ಹೊತ್ತು ಇಬ್ಬರೂ ಮುಖ ನೋಡಲಿಲ್ಲ. ಚಿಕ್ಕವಳು ಕುರ್ಚಿಯಲ್ಲಿ ಅರ್ಧ ಸರಿದಳು, ದೊಡ್ಡವಳು ಆ ಅರ್ಧದಲ್ಲಿ ಕೂತಳು. ಅರ್ಧ ತಾಸಿನಲ್ಲಿ ಮೌಸಿನ ಸಲುವಾಗಿ ಗುದ್ದಾಟ, ನಗು, ಮತ್ತೆ ಗುದ್ದಾಟ. ಕೊಡಲಿ ಅಂದೂ ಸಿಗಲಿಲ್ಲ. ರಾಕ್ಷಸ ಮೊದಲು ಎಡಕ್ಕೆ ಬರುತ್ತಾನೆ ಎಂದು ನಾನು ಹಿಂದೆ ನಿಂತು ಹೇಳಿದರೆ ಇಬ್ಬರೂ ಕೂಡಿಯೇ ಸುಮ್ಮನಿರು ಅಜ್ಜಿ ಎಂದರು. ಮೂರು ವಾರ ಆ ಬಾಗಿಲಲ್ಲಿ ಸತ್ತು ಸತ್ತು ಎದ್ದವಳು ನಾನು, ನನಗೆ ಒಂದು ಸರದಿ ಕೊಡಲಿಲ್ಲ. ಕತ್ತಲಾಗುವ ಮೊದಲು ಹೊರಡಬೇಕಾಗಿದ್ದ ಬಸ್ಸು ಹೋಯಿತು, ಇಬ್ಬರೂ ಏಳಲಿಲ್ಲ. ಹುಡುಗಿ ಇವತ್ತು ಇಲ್ಲೇ ಇರುತ್ತಾಳೆ ಎಂದು ಅಳಿಯನಿಗೆ ಫೋನ್ ಮಾಡುವ ಕೆಲಸವೊಂದೇ ನನಗೆ ಉಳಿಯಿತು. ಅದನ್ನು ಮಾಡಿ, ಅಕ್ಕಿಯ ಡಬ್ಬಿಯಿಂದ ಇನ್ನೊಂದು ಹಿಡಿ ಹೆಚ್ಚು ತೆಗೆದೆ.