ಬೂರುಗದ ಹತ್ತಿಯ ಕೊಸರು

ನನ್ನ ಅಕ್ಕ ಇರುವುದು ದೇವದುರ್ಗದಲ್ಲಿ. ನಾನು ಮಾನ್ವಿಯಲ್ಲಿ ಹೈಸ್ಕೂಲ್ ಟೀಚರು. ಐದು ಚಳಿಗಾಲ ದೇವದುರ್ಗದಿಂದ ದೇವಸುಗೂರಿಗೆ ನಡೆದು ಬರುತ್ತೇನೆಂದು ಅಕ್ಕ ಸುಗೂರೇಶ್ವರನಿಗೆ ಹರಕೆ ಹೊತ್ತಿದ್ದಳು. ಯಾತಕ್ಕೆ ಹೊತ್ತಳೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ನಾಲ್ಕು ಸಲ ಓಣಿಯ ಹೆಂಗಸರ ಜೊತೆ ಹೋಗಿ ಬಂದಳು. ಆಮೇಲೆ ಅವರೆಲ್ಲ ತಮ್ಮ ತಮ್ಮ ಹರಕೆ ಮುಗಿಸಿ ಮನೆಯಲ್ಲಿ ಕೂತರು. ಐದನೆಯ ಸಲ ಜೊತೆಗೆ ಯಾರೂ ಇಲ್ಲದಾಗ ನಾನು ದೊಡ್ಡ ಮನಸ್ಸು ಮಾಡಿ, ನಾನಿದ್ದೇನಲ್ಲ ಅಂದೆ. ಆ ಐದನೆಯದು ಹಾಳಾದದ್ದು ನನ್ನಿಂದಲೇ.

ಮೂರು ದಿನದ ದಾರಿ. ನನ್ನ ಬೆನ್ನಿಗೆ ಮಗನ ಹಳೇ ಕಾಲೇಜು ಚೀಲ, ಅದರ ಮೇಲೆ ಹೊದೆಯಲೆಂದು ಹಗ್ಗದಿಂದ ಬಿಗಿದ ಕೌದಿ, ಸ್ಟೀಲ್ ಬುತ್ತಿ ಡಬ್ಬಿ, ಛತ್ರಿ, ಎರಡು ಬಾಟಲಿ ನೀರು, ಇರಲಿ ಅಂತ ಒಂದು ಸ್ವೆಟರು. ಎರಡನೆಯ ದಿನ ಮಧ್ಯಾಹ್ನ ನಾನು ಒಂದು ಬೇವಿನ ಮರದ ಕೆಳಗೆ ಕೂತವಳು ಏಳಲಿಲ್ಲ. ಬೆನ್ನು ಹಿಡಿದುಕೊಂಡಿತ್ತು. ನನ್ನನ್ನು ಬಸ್ಸು ಹತ್ತಿಸಿ ನೀನು ನಡಿ ಎಂದು ಅಕ್ಕನಿಗೆ ಕೈಮುಗಿದು ಹೇಳಿದೆ. ಅಕ್ಕ ನನ್ನನ್ನು ಬಸ್ಸು ಹತ್ತಿಸಿದಳು, ಹಿಂದೆಯೇ ತಾನೂ ಹತ್ತಿದಳು. ತಿರುಗಿ ದೇವದುರ್ಗ ಬರುವವರೆಗೂ ನನ್ನ ಬೆನ್ನು ನೀವುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು.

ಈ ವರ್ಷ ಅಕ್ಕನ ಮೊಣಕಾಲಿನ ಎಕ್ಸ್‌ರೇ ನೋಡಿದ ರಾಯಚೂರಿನ ಡಾಕ್ಟರು ಯುಗಾದಿಯೊಳಗೆ ಆಪರೇಶನ್ ಆಗಲೇಬೇಕು, ಆಮೇಲೆ ಇಷ್ಟು ದೂರದ ನಡಿಗೆ ಮರೆತುಬಿಡಿ ಅಂದರು. ಅಂದರೆ ಈ ಚಳಿಗಾಲ ತಪ್ಪಿದರೆ ಹರಕೆ ತಪ್ಪಿದ ಹಾಗೆಯೇ. ಒಬ್ಬಳನ್ನೇ ಕಳಿಸಲು ಭಾವ ಒಪ್ಪಲಿಲ್ಲ. ನಾನು ಹೋಗಲೇಬೇಕು, ಹೋದರೆ ಈ ಸಲ ಕೂರಬಾರದು. ನಾನು ಕೂತರೆ ಅಕ್ಕನೂ ಕೂರುತ್ತಾಳೆ, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ನಾನು ಹಗುರಾಗಲು ಹೊರಟೆ. ಮೈ ಹಗುರಾಗುವ ಆಸೆ ಬಿಟ್ಟು ವರ್ಷಗಳಾಗಿದ್ದವು. ಚೀಲದ ಮಾತು ಹೇಳುತ್ತಿದ್ದೇನೆ. ಮೊಬೈಲಿನಲ್ಲಿ ನೋಡಿದರೆ ಇದೇ ಒಂದು ದೊಡ್ಡ ವಿದ್ಯೆ. ಬೆಟ್ಟ ಹತ್ತುವವರು ಒಂದೊಂದು ಗ್ರಾಂ ತೂಗಿ ಚೀಲಕ್ಕೆ ಹಾಕುತ್ತಾರೆ, ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಅರ್ಧ ಕತ್ತರಿಸುತ್ತಾರೆ. ನಾನೂ ಕತ್ತರಿಸಿದೆ. ಉಳಿದ ಮೋಟು ಬಾಯೊಳಗೆ ಹೋಗಿ ಕೂತು ಒಂದು ಕ್ಷಣ ಉಸಿರೇ ನಿಂತಿತು. ನಮ್ಮ ಮನೆ ಎದುರಿನ ಕಿರಾಣಿ ಅಂಗಡಿಯ ತಕ್ಕಡಿಗೆ ದಿನಾ ಸಂಜೆ ಟವೆಲು, ಚಪ್ಪಲಿ, ಸೀರೆ ಒಯ್ದು ಇಡುತ್ತಿದ್ದೆ. ಟೀಚರ್‌ಗೆ ಏನೋ ಆಗಿದೆ ಎಂದು ಅಂಗಡಿಯವರು ನಮ್ಮ ಮನೆಯವರನ್ನು ಕೇಳಿದರಂತೆ.

ಚೀಲಕ್ಕೆಂದು ರಾಯಚೂರಿಗೆ ಹೋದೆ. ಹಗುರಾದ ಬೆನ್ನಚೀಲ ಬೇಕು ಅಂದೆ. ಅಂಗಡಿಯವರು ಒಳಗೆ ಕಬ್ಬಿಣದ ಪಟ್ಟಿ ಇರುವ ಒಂದನ್ನು ಎರಡೂ ಕೈಯಿಂದ ಎತ್ತಿ ತಂದು, ಗಟ್ಟಿ ಮಾಲು ಅಂದರು. ಖಾಲಿ ಚೀಲವೇ ಒಂದು ಕೂಸಿನಷ್ಟು ಭಾರ. ನಮ್ಮ ಕಡೆ ತೂಕ ಇದ್ದದ್ದೇ ಒಳ್ಳೆಯದು, ಹಗುರಾದದ್ದು ಡೂಪ್ಲಿಕೇಟು. ಇನ್ನೂ ಹಗುರ, ಇನ್ನೂ ಹಗುರ ಅನ್ನುತ್ತ ಹೋದ ಹಾಗೆ ಅವರ ಮುಖ ಸಣ್ಣದಾಗುತ್ತ ಬಂತು. ಕಡೆಗೆ ಮೂಲೆಯಲ್ಲಿ ಧೂಳು ತಿನ್ನುತ್ತ ನೇತಾಡುತ್ತಿದ್ದ, ಛತ್ರಿ ಬಟ್ಟೆಯಷ್ಟು ತೆಳ್ಳಗಿನ ಚೀಲ ನಾನೇ ಕಂಡುಹಿಡಿದೆ. ಅಗಲವಾದ ಹೆಗಲಪಟ್ಟಿ, ಸೊಂಟಕ್ಕೂ ಒಂದು ಪಟ್ಟಿ. ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯಬೇಕು ಎಂಬುದನ್ನು ಅಷ್ಟರಲ್ಲಿ ಕಲಿತಿದ್ದೆ. ಅವರದೇ ನೀರಿನ ಬಾಟಲಿಗಳನ್ನು ತುಂಬಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿ ಇಳಿದು ಮಾಡಿದೆ. ಚಹಾ ಕುಡಿಯುತ್ತಿದ್ದವರೆಲ್ಲ ಈ ಕಡೆ ತಿರುಗಿ ಕೂತರು. ಸರಿಯಾಗಿತ್ತು. ಅಂಥವೇ ಎರಡು ಕೊಂಡೆ. ಮನೆಗೆ ಬಂದು ನೋಡಿದರೆ ಒಳಗೆ ಒಂದು ಹಿತ್ತಾಳೆ ಬೀಗ, ಎರಡು ಕೀಚೈನು. ಕೊಸರು!

ತೂಕ ಮುಗಿದ ಮೇಲೆ, ವ್ಯವಹಾರ ಮುಗಿದ ಮೇಲೆ, ಪ್ರೀತಿಗೆಂದು ಮೇಲೆ ಹಾಕುವ ಒಂದು ಹಿಡಿ ಕೊಸರು. ಬದನೆಕಾಯಿಯ ಮೇಲೆ ಕೊತ್ತಂಬರಿ, ಶೇಂಗಾದ ಮೇಲೆ ಇನ್ನೊಂದು ಬೊಗಸೆ. ಹುಟ್ಟಿದಾಗಿನಿಂದ ಕೇಳಿ, ಕಾಡಿ, ಜಗಳವಾಡಿ ಕೊಸರು ಹಾಕಿಸಿಕೊಂಡು ಬಂದವಳು ನಾನು. ಜೀವಮಾನದಲ್ಲಿ ಮೊದಲ ಸಲ ಅದು ನನಗೆ ಶತ್ರುವಾಗಿ ಕಂಡಿತು.

ಇನ್ನು ಸ್ಲೀಪಿಂಗ್ ಬ್ಯಾಗು. ಆನ್‌ಲೈನಿನಲ್ಲಿ ಒಂದು ತರಿಸಿದೆ. ಮಡಚಿದರೆ ಚೊಂಬಿನೊಳಗೆ ಕೂರುತ್ತದೆ, ತೂಗಿದರೆ ಮುಕ್ಕಾಲು ಕಿಲೋ ಕೂಡ ಇಲ್ಲ. ಬೀಗುತ್ತ ದೇವದುರ್ಗಕ್ಕೆ ಒಯ್ದು ಅಕ್ಕನ ಮುಂದೆ ಹಾಸಿದೆ. ಮನುಷ್ಯರು ಹೊಗುವ ಗೋಣಿಚೀಲ ಎಂದು ಅಕ್ಕ ನಕ್ಕಳು. ಕೈಯಾಡಿಸಿ, ಒಳಗೇನು ತುಂಬಿದ್ದಾರೆ ಇಷ್ಟು ಮೆತ್ತಗೆ ಎಂದು ಕೇಳಿದಳು. ಬಾತುಕೋಳಿಯ ಪುಕ್ಕ ಅಂದುಬಿಟ್ಟೆ. ಮೂರು ಹೊತ್ತು ವಿಭೂತಿ ಹಚ್ಚುವ ಹೆಂಗಸು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡು ಸೀದಾ ಬಚ್ಚಲಿಗೆ ಹೋಗಿ ಕೈ ತೊಳೆದು ಬಂದಳು.

“ಕೋಳಿ ಹೊಟ್ಟ್ಯಾಗ ಮಲಗಿ ಎದ್ದು ಆ ಅಪ್ಪನ ಮುಂದ ಹೆಂಗ ನಿಂದರ್‍ಲಿ?” ಅಂದಳು.

ಬೂಟಿನಂಥ ಚರ್ಮದ ಚಪ್ಪಲಿ ಹಾಕಿಕೊಂಡು ನಡೀತೀಯಲ್ಲ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿದೆ. ಬ್ಯಾಗು ವಾಪಸ್ಸು ಹೋಯಿತು.

ಉಳಿದ ದಾರಿ ಒಂದೇ. ನಮ್ಮ ಮದುವೆಯ ಗಾದಿ ಹೊಲಿದುಕೊಟ್ಟ ಸಾಹೇಬರು ರಾಯಚೂರಿನಲ್ಲಿ ಇನ್ನೂ ಕೆಲಸ ಮಾಡುತ್ತಾರೆ. ಮನೆಯಲ್ಲಿ ದಖ್ಖನಿ, ಗಿರಾಕಿಯ ಹತ್ತಿರ ನಮ್ಮಂಥದೇ ಕನ್ನಡ. ಮೊಬೈಲಿನಲ್ಲಿ ಸ್ಲೀಪಿಂಗ್ ಬ್ಯಾಗಿನ ಚಿತ್ರ ತೋರಿಸಿ, ಇಂಥವೇ ಎರಡು ಹೊಲಿದುಕೊಡಿ ಅಂದೆ. ಕನ್ನಡಕ ಏರಿಸಿಕೊಂಡು ನೋಡಿ, ಇದಕ್ಕೆ ಬೂರುಗದ ಹತ್ತಿಯೇ ಸರಿ, ಹೊಲದ ಹತ್ತಿಗಿಂತ ಎಷ್ಟೋ ಹಗುರ ಅಂದರು. ಮೇಲೆ ತೆಳು ನೈಲಾನ್ ಬಟ್ಟೆ, ಹತ್ತಿ ಸರಿಯದಂತೆ ನಡುವೆ ಅಡ್ಡ ಹೊಲಿಗೆ. ಒಂದೊಂದಕ್ಕೆ ಅರ್ಧ ಕಿಲೋ ಹತ್ತಿ, ಒಂದು ಎಳೆ ಹೆಚ್ಚಾಗಬಾರದು ಎಂದು ಮೂರು ಸಲ ಹೇಳಿದೆ. ತಲೆಯಾಡಿಸಿದರು.

ವಾರ ಬಿಟ್ಟು ಹೋದರೆ ಎರಡೂ ತುಂಬು ಬಸುರಿಯಂತೆ ಉಬ್ಬಿದ್ದವು. ನನಗೆ ಪಿತ್ತ ನೆತ್ತಿಗೇರಿತು. ಸಾಹೇಬರಿಗೆ ನಾನೇಕೆ ಕೂಗಾಡುತ್ತಿದ್ದೇನೆಂದೇ ತಿಳಿಯಲಿಲ್ಲ. ಇಬ್ಬರು ಅಕ್ಕತಂಗಿಯರು ನಡೆದು ಹೊರಟಿದ್ದೀರಿ, ಚಳಿ ಇದೆ, ಅದಕ್ಕೇ ಎರಡೆರಡು ಹಿಡಿ ಮೇಲೆ ಹಾಕಿದ್ದೇನೆ ಎಂದರು. ಆ ಮುದುಕರ ಹಿಡಿಯೋ, ಒಂದೊಂದೂ ಒಂದು ಬುಟ್ಟಿ! ತೆಗೆಯಿರಿ ಅಂದೆ. ಮುಖ ಇಳಿಯಿತು. ಹೊಲಿಗೆ ಬಿಚ್ಚಿ ತೆಗೆದರು, ಆದರೆ ತೆಗೆದದ್ದನ್ನು ಮೂಟೆಗೆ ಹಾಕಿಕೊಳ್ಳಲಿಲ್ಲ. ಅಲ್ಲೇ ಕೂತು ಒಂದು ಅಂಗೈ ಉದ್ದದ ದಿಂಬು ಹೊಲಿದು ನನ್ನ ಕೈಗಿಟ್ಟರು.

“ಕೊಟ್ಟ ಕೊಸರು ತಿರುಗಿ ತಗೊಂಡ್ರ ನನ್ನ ಕೈಗೆ ಬರಕತ್ ಇರಲ್ರೀ, ಏಳಿಗಿ ಇರಲ್ರೀ, ಟೀಚರ್” ಅಂದರು.

ನಾಚಿಕೆಯಾಯಿತು, ಆದರೂ ಹಟ ಬಿಡಲಿಲ್ಲ. ದಿಂಬನ್ನು ಅಕ್ಕನ ಮನೆಯ ಮಂಚದ ಮೇಲೆ ಎಸೆದೆ. ಹೊರಡುವ ಹಿಂದಿನ ದಿನ ಎರಡೂ ಚೀಲ ತೂಗಿಸಿದೆ, ಸಮಸಮ. ಕೂಸಿಗೆ ಅಂಗಿ ತೊಡಿಸಿದಂತೆ ಅಕ್ಕನಿಗೆ ನಾನೇ ಪಟ್ಟಿ ಬಿಗಿದೆ.

ಏನು ಹೇಳಲಿ, ಹಾರಿಕೊಂಡು ಹೋದೆ! ಊಟದ ಹೊತ್ತಿಗೆ ಬುತ್ತಿ ಬಿಚ್ಚುವುದು, ಕಟ್ಟಿ ಚೀಲಕ್ಕಿಡುವುದು ಅಕ್ಕನ ಕೆಲಸ. ಆ ಹತ್ತು ನಿಮಿಷ ನಾನು ಬೆನ್ನು ಚಾಚಿ ಮಲಗುತ್ತಿದ್ದೆ. ಎದ್ದು ಚೀಲ ಏರಿಸಿದರೆ ಪ್ರತಿ ಸಲವೂ ಮೊದಲಿಗಿಂತ ಹಗುರ. ಎರಡನೆಯ ದಿನ ಹೋದ ವರ್ಷದ ಬೇವಿನ ಮರ ಬಂತು. ನಿಲ್ಲದೆ, ಅದಕ್ಕೊಂದು ಕೈ ಬೀಸಿ ಮುಂದೆ ಹೋದೆ. ಸೊಂಟದ ಪಟ್ಟಿಯ ಮಹಿಮೆ, ಭಾರ ಹಂಚುವ ಕಲೆ ಎಂದು ಅಕ್ಕನಿಗೆ ಪಾಠವನ್ನೇ ಮಾಡಿದೆ. ಅಕ್ಕ ಹೂಂ, ಹೂಂ ಅನ್ನುತ್ತ ಹಿಂದೆ ಬರುತ್ತಿದ್ದಳು. ರಾತ್ರಿ ದಾರಿಯಲ್ಲಿ ಸಿಕ್ಕ ಊರಿನ ಗುಡಿಯ ಕಟ್ಟೆಯಲ್ಲಿ ಬೂರುಗದ ಚೀಲದೊಳಗೆ ಹೊಕ್ಕರೆ ಬೆಳಗಿನವರೆಗೆ ಎಚ್ಚರವಿಲ್ಲ.

ಮೂರನೆಯ ದಿನ ರಾಯಚೂರು ದಾಟಿ, ಶಕ್ತಿನಗರದ ಚಿಮಣಿಗಳು ದೂರದಲ್ಲಿ ಕಾಣುವ ಹೊತ್ತಿಗೆ ಅಕ್ಕ ರಸ್ತೆಯ ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕೂತಳು. ಮೊಣಕಾಲು ಬಾತುಕೊಂಡು ತೆಂಗಿನಕಾಯಿಯಷ್ಟಾಗಿತ್ತು. ಮುಲಾಮು ತೆಗೆಯಲು ಅವಳ ಚೀಲ ಎಳೆದೆ. ಅದು ಜಗ್ಗಲಿಲ್ಲ. ಎರಡೂ ಕೈ ಹಾಕಿ ಎತ್ತಬೇಕಾಯಿತು.

ಬಿಚ್ಚಿದೆ. ನನ್ನ ಸೀರೆ. ನನ್ನ ಬ್ಯಾಟರಿ, ಚಾರ್ಜರು. ತಿಂದು ಮುಗಿದವೆಂದು ನಾನು ತಿಳಿದಿದ್ದ ಜೋಳದ ರೊಟ್ಟಿಯ ಗಂಟು, ಅದಕ್ಕೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ. ಎಲ್ಲ ನನ್ನ ಚೀಲದವು. ತಳದಲ್ಲಿ ಸಾಹೇಬರ ದಿಂಬು.

ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಬಂತೋ ಗೊತ್ತಿಲ್ಲ. ಕಾಲು ಇಷ್ಟು ನೋಯುತ್ತಿದ್ದಾಗ ನನ್ನ ಭಾರ ಯಾಕೆ ಹೊತ್ತೆ ಎಂದು ನಡುರಸ್ತೆಯಲ್ಲಿ ಕಿರುಚಿದೆ.

“ನೀ ಕುಂತ್ರ ಮುಗೀತಲ್ಲ ಬೇ. ನಿನ್ನ ಬಿಟ್ಟು ಒಬ್ಬಾಕಿ ಹೋಗಾಕ ನನಗ ಬರಂಗಿಲ್ಲ” ಅಂದಳು ಅಕ್ಕ, ಅಷ್ಟು ಸಲೀಸಾಗಿ. ದಿಂಬು ಯಾಕೆ ತಂದೆ ಎಂದು ಕೇಳಿದೆ. “ಆ ಮುದುಕ ಪ್ರೀತಿಲೆ ಕೊಟ್ಟದ್ದು, ಮನ್ಯಾಗ ಒಗದು ಬರಾಕ ಮನಸ್ಸಾಗ್ಲಿಲ್ಲ.”

ಅವಳನ್ನು ಕಟ್ಟೆಯ ಮೇಲೆಯೇ ಕಾಲು ಚಾಚಿಸಿ ಕೂಡಿಸಿ, ದಿಂಬನ್ನು ಮೊಣಕಾಲಿನ ಕೆಳಗಿಟ್ಟೆ. ಮುಲಾಮು ಹಚ್ಚಿದೆ. ಒಂದು ತಾಸು ಹಾಗೆಯೇ ಕೂತೆವು. ರೊಟ್ಟಿ ತಿಂದೆವು. ಬಸ್ಸುಗಳು ಒಂದರ ಹಿಂದೊಂದು ಬಂದವು, ಒಬ್ಬ ಡ್ರೈವರು ನಿಲ್ಲಿಸಿ ಬರ್ರಿ ಅಂದರು. ಅಕ್ಕ ನನ್ನ ಮುಖ ನೋಡಿದಳು. ನಾನು ಬೇಡವೆಂದು ಕೈಯಾಡಿಸಿದೆ.

ಆಮೇಲೆ ನನ್ನ ಚೀಲ ಬೆನ್ನಿಗೆ, ಅಕ್ಕನದು ಎದೆಗೆ ಹಾಕಿಕೊಂಡೆ. ದಿಂಬನ್ನು ಎಲ್ಲಕ್ಕಿಂತ ಮೇಲೆ ಕಟ್ಟಿದೆ. ದಾರಿಯಲ್ಲಿ ನಾಲ್ಕು ಸಲ ಅದನ್ನು ಬಿಚ್ಚಿ ಅವಳ ಮೊಣಕಾಲಿಗೆ ಇಡಬೇಕಾಯಿತು. ಪ್ರೀತಿಯ ಭಾರ ಭಾರವಲ್ಲ ಎಂದೆಲ್ಲ ನಾನು ಹೇಳುವುದಿಲ್ಲ. ಭಾರವೇ ಆಗಿತ್ತು. ಸೊಂಟದ ಪಟ್ಟಿ ಕೊಯ್ಯುತ್ತಿತ್ತು, ಹೆಗಲು ಉರಿಯುತ್ತಿತ್ತು, ಬೆನ್ನಿನಲ್ಲಿ ಹೋದ ವರ್ಷದ ನೋವು ಎದ್ದು ಕೂತಿತ್ತು. ನಾನು ಮಾತ್ರ ಕೂರಲಿಲ್ಲ.

ಹೊತ್ತು ಇಳಿಯುವ ಮುಂಚೆ ದೇವಸುಗೂರು ಮುಟ್ಟಿದೆವು. ಅಕ್ಕ ಕುಂಟುತ್ತ ಹೋಗಿ, ಗೋಡೆ ಹಿಡಿದು ಬಗ್ಗಿ, ಐದನೆಯ ಸಲ ಆ ಹೊಸ್ತಿಲಿಗೆ ಹಣೆ ಹಚ್ಚಿದಳು. ಎದ್ದವಳು ಒಳಗೆ ಹೋಗಲಿಲ್ಲ, ತಿರುಗಿ ನನ್ನ ದಾರಿ ಕಾಯುತ್ತ ನಿಂತಳು. ನಾನು ಎರಡೂ ಚೀಲ ಹೊತ್ತುಕೊಂಡೇ ಮೆಟ್ಟಿಲು ಹತ್ತಿದೆ.