ಸೊಟ್ಟ ಗಾಲಿ

ನಾಳೆ ಬೆಳಿಗ್ಗೆ ಬೆಂಗಳೂರಿನಲ್ಲಿ ಮೊಮ್ಮಗಳು ಶೋಭಾಳ ಗಾಲಿಕುರ್ಚಿ ಟೆನಿಸ್ ಪಂದ್ಯ. ಹೊತ್ತಿಗೆ ಸರಿಯಾಗಿ ಹೋಗಿ ಸಹಿ ಹಾಕದಿದ್ದರೆ ಹೆಸರು ಹೊಡೆದುಹಾಕುತ್ತಾರಂತೆ. ಬ್ಯಾಡಗಿಯಿಂದ ರಾಣೆಬೆನ್ನೂರು ಸ್ಟೇಷನ್ನಿಗೆ ಬಂದು ಇಳಿದರೆ ಆಟದ ಕುರ್ಚಿ ಪಂಕ್ಚರ್. ರೈಲಿಗೆ ಇನ್ನು ಅರ್ಧ ತಾಸು. ಎದುರಿನ ಸೈಕಲ್ ಅಂಗಡಿಯ ಬೆಂಚಿನ ಮೇಲೆ ಅವಳನ್ನು ಕೂರಿಸಿದೆ.

ಪಂಕ್ಚರ್ ಹಾಕಿದ ಅಂಗಡಿಯವನು, "ಅಜ್ಜೀ, ಎರಡೂ ಗಾಲಿ ಕೆಳಗ ಹೊರಕ್ಕ ಚಾಚಿ ಸೊಟ್ಟ ಆಗ್ಯಾವಲ್ರೀ. ನೆಟ್ಟಗ ಮಾಡ್ಲೇನು?" ಎಂದ.

"ಮಾಡಪ್ಪಾ, ಲಗೂ ಮಾಡು," ಎಂದೆ. ನನಗೂ ಆ ಸೊಟ್ಟು ಮೊದಲಿನಿಂದ ಸೇರಿರಲಿಲ್ಲ. ಅವನು ನಟ್ಟು ಬಿಚ್ಚಲು ಪಾನಾ ಎತ್ತಿದ.

"ಅಣ್ಣಾರ, ಕೈ ತಗೀರಿ!" ಶೋಭಾ ಚೀರಿದಳು. "ಅವು ಹಂಗ ಇರ್ಬೇಕು. ಸೊಟ್ಟ ಇದ್ರನ ಕುರ್ಚಿ ಲಗೂ ತಿರಗತೈತಿ, ಮಗಚೂದಿಲ್ಲ. ಚೆಂಡು ಎರಡು ಸಲ ನೆಲಕ್ಕ ಬೀಳೂತನಾ ನಮಗ ಬಿಡ್ತಾರ, ಮೂರನೇ ಸಲ ಬೀಳೂದ್ರಾಗ ಹೊಡೀಬೇಕು."

"ಎರಡು ಸಲ ಬಿಡ್ತಾರೇನು? ಹಂಗಾದ್ರ ಸೋತು ಬಂದು ನೆಪ ಹೇಳಬ್ಯಾಡ," ಎಂದೆ.

"ನೀ ಗಾಲಿ ಕೆಡಸದಿದ್ರ ಸಾಕಬೇ, ಗೆದ್ದ ಬರ್ತೀನಿ."

ಅಂಗಡಿಯವನು ನಕ್ಕು ಪಾನಾ ಕೆಳಗಿಟ್ಟ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತಳ್ಳಲೆಂದು ಹಿಂದೆ ಕೈ ಹಾಕಿದೆ. ಹಿಡಿಕೆಯೇ ಇಲ್ಲ. ಆಟದ ಕುರ್ಚಿಗೆ ಇಡುವುದಿಲ್ಲವಂತೆ. ಅಷ್ಟರಲ್ಲಿ ಅವಳು ಸ್ಟೇಷನ್ ಬಾಗಿಲು ಮುಟ್ಟಿದ್ದಳು. ನಾನು ಚೀಲ ಹೊತ್ತು ಬಿರಬಿರನೆ ಅವಳ ಹಿಂದೆ ನಡೆದೆ.