ತೊಡೆ ಹೊಡೆದ ರನ್

ಕಣ್ಣು ಮುಚ್ಚಿ ಬ್ಯಾಟ್ ಬೀಸಿದೆ. ಚೆಂಡು ಬ್ಯಾಟಿಗೆ ಸಿಗದೆ ನನ್ನ ತೊಡೆಗೆ ಬಡಿದು ಹಿಂದಕ್ಕೆ ಉರುಳಿತು. ಕುಂಟುತ್ತಲೇ ಓಡಿದೆ. ಗೆಲ್ಲಲು ಬೇಕಿದ್ದ ಕೊನೆಯ ರನ್ ಅದು! ಚೆನ್ನೈನ ಪೆರಂಬೂರಿನ ಮೈದಾನದಲ್ಲಿ ನಮ್ಮ ತಂಡದವರೆಲ್ಲ "ಸೂಪರ್ ಮಚ್ಚಿ!" ಎಂದು ನನ್ನನ್ನು ಎತ್ತಿ ಕುಣಿದರು.

ನನಗೆ ಗೆಲುವಿಗಿಂತ ಆ ರನ್ ಮುಖ್ಯವಾಗಿತ್ತು. ವರ್ಷವಿಡೀ ಸೊನ್ನೆ ಸುತ್ತಿದವನು ಮುಂದಿನ ವರ್ಷವೆಲ್ಲ ಕಿಟ್ ಬ್ಯಾಗ್ ಹೊರಬೇಕೆಂಬುದು ನಮ್ಮ ತಂಡದ ನಿಯಮ. ಅಂದು ವರ್ಷದ ಕೊನೆಯ ಪಂದ್ಯ. ಅಲ್ಲಿಯವರೆಗೆ ನನ್ನದು ಬರೀ ಸೊನ್ನೆ. ಶತಕ ಬಾರಿಸಿದವನಂತೆ ನಾಲ್ಕೂ ದಿಕ್ಕಿಗೆ ಬ್ಯಾಟ್ ಎತ್ತಿ ತೋರಿಸಿ, ಸ್ಕೋರ್ ಬರೆಯುತ್ತಿದ್ದ ಚಿಕ್ಕಪ್ಪನ ಬಳಿ ಓಡಿದೆ.

"ಚಿಕ್ಕಪ್ಪಾ, ನನ್ನ ಹೆಸರಿಗೆ ಒಂದು ರನ್ ಹಾಕಿ!"

ರೈಲ್ವೆಯಿಂದ ನಿವೃತ್ತರಾದ ಚಿಕ್ಕಪ್ಪ ಕನ್ನಡಕದ ಮೇಲಿಂದ ನೋಡಿದರು. "ಅದು ಲೆಗ್ ಬೈ ಕಣೋ. ಟೀಮಿಗೆ ಸೇರುತ್ತೆ, ನಿನಗಲ್ಲ. ನೀನೆಲ್ಲೋ ರನ್ ಹೊಡ್ದೆ? ಬಾಲೇ ನಿನಗೆ ಹೊಡೀತು! ಹೋಗು, ಬ್ಯಾಗ್ ಎತ್ಕೋ."

ಈಗ ಪ್ರತಿ ಭಾನುವಾರ ಕಿಟ್ ಬ್ಯಾಗ್ ನನ್ನ ಬೆನ್ನ ಮೇಲೆ. ತೊಡೆಯ ನೀಲಿ ಕಲೆ ಎರಡೇ ವಾರಕ್ಕೆ ಮಾಯವಾಯಿತು. ಅದರ ಫೋಟೊ ಮಾತ್ರ ಜೋಪಾನವಾಗಿಟ್ಟಿದ್ದೇನೆ. ನಾನು ಹೊಡೆದ ರನ್‌ಗೆ ಇರುವ ದಾಖಲೆ ಅದೊಂದೇ.